ಇಲ್ಲದ ಕೂಸಿನ ಸೂತಕ

ಈ ಬೇನೆಯ ಬಗ್ಗೆ ಬರೆಯಬೇಕೆಂದು ಕೂತರೆ ಮೊದಲು ನನ್ನ ಕೈ ಸೆರಗು ಎಳೆದುಕೊಳ್ಳುತ್ತದೆ. ವಯಸ್ಸಾಯಿತು, ಮುಟ್ಟು ನಿಂತೇ ಎಷ್ಟೋ ವರ್ಷವಾಯಿತು, ಆದರೂ ಆ ಶಬ್ದ ಬರೆಯುವಾಗ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತೇನೆ. ಮೊನ್ನೆ ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ಹಿತ್ತಲಲ್ಲಿ ನನ್ನನ್ನು ತಡೆದು, "ಆಯಿ, ನನಗ ತಿಂಗಳಾ ತಿಂಗಳಾ ಸರಿ ಬರೂದಿಲ್ರಿ. ಯಾರಿಗೂ ಹೇಳಬ್ಯಾಡ್ರಿ ಮತ್ತ" ಎಂದು ಪಿಸುಗುಟ್ಟಿದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಮುಖ ಮಾಡಿಕೊಂಡಿದ್ದಳು. ಅದು ನಾನು ಹತ್ತು ವರ್ಷ ಹೊತ್ತು ತಿರುಗಿದ ಮುಖ. ಅದಕ್ಕೇ ಬರೆಯುತ್ತಿದ್ದೇನೆ. ನಾಚಿಕೆ ಹೋಗಿದೆ ಅಂತಲ್ಲ. ನಾಚಿಕೆ ಇಟ್ಟುಕೊಂಡೇ ಬರೆಯುತ್ತೇನೆ, ಏನು ಮಾಡುವುದು.

ನಾನು ಹಾರೂಗೇರಿಯವಳು. ಎಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಕಾಗವಾಡದ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಜೈನರ ಮನೆ. ಕಬ್ಬಿನ ಹೊಲ, ದ್ರಾಕ್ಷಿ ತೋಟ, ಎದುರಿಗೇ ಬಸ್ತಿ, ನಮ್ಮ ಜಿನಮಂದಿರ. ಮನೆಯಲ್ಲಿ ಅತ್ತೆ, ಮಾವ, ನಮ್ಮವರು, ಇಬ್ಬರು ಮೈದುನರು. ಅತ್ತೆ ಬಹಳ ಕಟ್ಟುನಿಟ್ಟು. ನೀರು ಸೋಸದೆ ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಸುಳ್ಳು ಹೇಳುವುದಿಲ್ಲವೆಂದು ಮುನಿಗಳ ಮುಂದೆ ವ್ರತ ಹಿಡಿದವರು. ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಹುಸಿ ಮಾತಾಡುತ್ತಿರಲಿಲ್ಲ.

ಅಂಥ ಮನೆಯಲ್ಲಿ ಮುಟ್ಟಾದವಳು ಪಡಸಾಲೆಯ ಮೂಲೆಯಲ್ಲಿ ಕೂಡಬೇಕು. ಬೇರೆ ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಆ ಮೂಲೆ ಇದ್ದದ್ದು ತಲೆಬಾಗಿಲಿನ ಪಕ್ಕಕ್ಕೇ. ಹಾಲು ಹಾಕುವವನು, ತೋಟದ ಆಳು, ಮಾವನ ಜೊತೆ ಇಸ್ಪೀಟು ಆಡಲು ಬರುವ ಮುದುಕರು, ಎಲ್ಲರೂ ನೋಡಿಕೊಂಡೇ ಒಳಗೆ ಬರುತ್ತಿದ್ದರು. ಹೆಂಗಸಿನ ಒಳಗಿನ ಸುದ್ದಿ ಊರಿಗೆಲ್ಲ ಗೊತ್ತಾಗಲಿ ಎಂದೇ ಆ ಮೂಲೆ ಮಾಡಿದ್ದರೇನೋ ಅನ್ನಿಸುತ್ತಿತ್ತು. ಆದರೆ ನನ್ನ ನಾಚಿಕೆ ಬೇರೆ ಥರದ್ದು. ನಾನು ಆ ಮೂಲೆಯಲ್ಲಿ ಕೂತರೆ ಅಲ್ಲ, ಕೂಡದಿದ್ದರೆ ತೊಂದರೆ ಶುರುವಾಗುತ್ತಿತ್ತು.

ದೊಡ್ಡವಳಾದಾಗಿನಿಂದ ನನಗೆ ಮುಟ್ಟು ಸರಿಯಾಗಿ ಬಂದದ್ದೇ ಇಲ್ಲ. ಒಮ್ಮೆ ಬಂದರೆ ಎರಡು ಮೂರು ತಿಂಗಳು ಸುದ್ದಿಯಿಲ್ಲ. ಬಂತೆಂದರೆ ಎದ್ದು ನಿಲ್ಲಲಾರದಷ್ಟು. ತವರಲ್ಲಿ ಅವ್ವನಿಗೆ ಗೊತ್ತಿತ್ತು. "ಲಗ್ನಾದ ಮ್ಯಾಲ ಎಲ್ಲಾ ತನ್ನಷ್ಟಕ್ಕ ಸರಿ ಆಗತೈತಿ. ಅಲ್ಲಿ ಹೋಗಿ ಬಾಯಿ ಬಿಟ್ಟೀಯ ಮತ್ತ!" ಎಂದು ನನ್ನ ಬಾಯಿಗೆ ಬೀಗ ಹಾಕಿ ಕಳಿಸಿದಳು.

ಲಗ್ನವಾದ ಮೇಲೆ ಏನೂ ಸರಿಯಾಗಲಿಲ್ಲ. ಸರಿಯಾಗದ್ದಕ್ಕೆ ಅರ್ಥ ಮಾತ್ರ ಬೇರೆಯಾಯಿತು. ತಿಂಗಳು ದಾಟಿ ನಾನು ಮೂಲೆಗೆ ಹೋಗದಿದ್ದರೆ ಮನೆಯಲ್ಲಿ ಎಲ್ಲರ ದನಿ ಮೆತ್ತಗಾಗುತ್ತಿತ್ತು. ಕೊಡ ಎತ್ತಲು ಹೋದರೆ ಅತ್ತೆ ಓಡಿ ಬಂದು ಕಸಿದುಕೊಳ್ಳುತ್ತಿದ್ದರು. ಮುಂದೆ ಒಂದು ದಿನ ನಾನು ಮತ್ತೆ ಮೂಲೆಯಲ್ಲಿ ಚಾಪೆ ಹಾಸಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮಾವ ಕೆಮ್ಮಿ ಹೊರಗೆ ಹೋಗುತ್ತಿದ್ದರು. ಆ ಕೆಮ್ಮು ಕೇಳಿದರೆ ಸತ್ತುಹೋಗಬೇಕು ಅನ್ನಿಸುತ್ತಿತ್ತು. ಬೈದಿದ್ದರಾದರೂ ನಾನು ಅಳಬಹುದಿತ್ತು.

ಅನ್ನದೆ ಇದ್ದವರ ಬದಲಿಗೆ ಎಲ್ಲವನ್ನೂ ಅನ್ನಲು ಒಬ್ಬರಿದ್ದರು. ಮಾವನ ಅಕ್ಕ, ಚಿಕ್ಕೋಡಿಗೆ ಕೊಟ್ಟವರು. ನಾವು ಅವರನ್ನು ಚಿಕ್ಕೋಡಿ ಅತ್ತಿ ಅನ್ನುತ್ತಿದ್ದೆವು. ತಮ್ಮನ ಮನೆಯೆಂದರೆ ಅವರಿಗೆ ಜೀವ, ಹೀಗಾಗಿ ಹಬ್ಬ ಇರಲಿ ಇಲ್ಲದಿರಲಿ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಮೂರನೆಯ ವರ್ಷಕ್ಕೆ ಅವರು ನನ್ನೆದುರಿಗೇ ಅತ್ತೆಗೆ ಹೇಳಿದರು: "ರತ್ನಾ, ನಾ ಅಂದ್ರ ಕೆಟ್ಟಕ್ಕಿ ಆಗತೇನಿ. ಇಕಿ ಇರ್ಲಿ, ಇಕಿನ್ನ ಯಾರ ಹೊರಗ ಹಾಕಂತಾರ? ಇಕಿ ಕೂಡ ಇನ್ನೊಬ್ಬಾಕಿನ್ನ ತರೂನು. ರಾಯಬಾಗದಾಗ ಒಂದ ಹುಡಿಗಿ ಐತಿ. ಬಾಬುನ ವಂಶಾ ಬೆಳೀಬೇಕೋ ಬ್ಯಾಡೋ?" ಬಾಬು ಅಂದರೆ ನಮ್ಮವರು. ನಾನು ಅವರಿಗೆ ಚಹಾ ಕೊಡುತ್ತಿದ್ದೆ. ಕಪ್ಪು ಕೆಳಗಿಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ಹಿಟ್ಟು ನಾದತೊಡಗಿದೆ. ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ಉಂಡಾಗಿತ್ತು, ಹಿಟ್ಟು ಯಾರಿಗೂ ಬೇಕಿರಲಿಲ್ಲ.

ಆ ಮಾತಾದ ಕೆಲವು ತಿಂಗಳಿಗೆ ನನಗೆ ಮುಟ್ಟು ನಿಂತಿತು. ಒಂದಾಯಿತು, ಎರಡಾಯಿತು, ಮೂರು ತಿಂಗಳಿಗೆ ಬಂತು. ಬಾಯಿ ಕಹಿ, ಎದೆ ಭಾರ. ನಾನೇ ನಂಬಿದೆ, ಯಾಕೆ ಸುಳ್ಳು ಹೇಳಲಿ. ಊರ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ನಿಂತೇತ್ರಿ" ಎಂದಳು. ಅತ್ತೆ ಕಳ್ಳ ಕುಬಸ ಮಾಡಿಯೇಬಿಟ್ಟರು. ನಮ್ಮ ಕಡೆ ಮೂರನೆಯ ತಿಂಗಳಲ್ಲಿ ಹೆಚ್ಚು ಗದ್ದಲ ಮಾಡದೆ, ಹತ್ತಿರದವರನ್ನಷ್ಟೇ ಕರೆದು ಬಸುರಿಗೆ ಹಸಿರು ಸೀರೆ ಉಡಿಸುತ್ತಾರೆ, ಹಸಿರು ಬಳೆ ಇಡಿಸಿ ಉಡಿ ತುಂಬುತ್ತಾರೆ. ಅದೇ ಕಳ್ಳ ಕುಬಸ. ಹಾರೂಗೇರಿಯಿಂದ ಅವ್ವ ಬುತ್ತಿ ಕಟ್ಟಿಕೊಂಡು ಬಂದಳು. ಚಿಕ್ಕೋಡಿ ಅತ್ತಿಯೂ ಬಂದು ನನ್ನ ಗಲ್ಲ ಸವರಿ, "ನನ್ನ ಬಾಯಾಗ ಮಣ್ಣ ಬೀಳಲಿ, ಏನೇನರೆ ಅಂದಿದ್ದೆ" ಎಂದು ನಕ್ಕರು. ನಾನೂ ನಕ್ಕೆ. ಅಷ್ಟು ಮನಸ್ಸು ತುಂಬಿ ನಾನು ಮತ್ತೆ ನಕ್ಕದ್ದು ಬಹಳ ಕಾಲದ ಮೇಲೆ.

ಅದೇ ವಾರ ರಕ್ತ ಹೋಗಲು ಶುರುವಾಯಿತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಎದ್ದರೆ ಕಾಲಗುಂಟ ಇಳಿಯಿತು. ಗಡ್ಡೆ ಗಡ್ಡೆ ರಕ್ತ. ಅತ್ತೆ ಬಂದು ನೋಡಿ ಬಾಯಿಗೆ ಸೆರಗು ಹಿಡಿದರು. "ಹೋತಲ್ಲೋ ಕೂಸು" ಎಂದರು, ಅಷ್ಟೇ.

ಮನೆ ಸೂತಕ ಹಿಡಿಯಿತು. ಬಸಿರು ಇಳಿದರೆ ಎಷ್ಟು ತಿಂಗಳೋ ಅಷ್ಟು ದಿನ ಸೂತಕವೆಂದು ನಮ್ಮಲ್ಲಿ ಪದ್ಧತಿ. ಆಗ ಊರಲ್ಲಿ ಮುನಿಗಳಿದ್ದರು. ಅವರಿಗೆ ಆಹಾರ ಕೊಡುವ ಯೋಗ ನಮ್ಮ ಮನೆಗೆ ತಪ್ಪಿತು. ಮಾವ ಬಸ್ತಿಗೆ ಹೋಗಲಿಲ್ಲ. ಅತ್ತೆ ಬೀದಿಯಲ್ಲೇ ನಿಂತು ಬಸ್ತಿಯ ಕಡೆ ಕೈಮುಗಿದು ಬಂದರು. ಇನ್ನೊಂದು ಕೂಸು ನಿಲ್ಲುವವರೆಗೆ ಬೆಲ್ಲ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು. ನನಗೆ ಮಾತ್ರ ತುಪ್ಪ, ಅಳವಿ ಕಾಳು, ಅದೇ ಬೆಲ್ಲ ಹಾಕಿ ಪಾಯಸ ಮಾಡಿ ಕುಡಿಸಿದರು. ತಲೆಗೆ ಎಣ್ಣೆ ಹಚ್ಚಿದರು. ಹಡೆದವಳಿಗೆ ಮಾಡುವ ಆರೈಕೆಯನ್ನೆಲ್ಲ ಮಾಡಿದರು.

ಆ ದುಃಖದಲ್ಲಿ ನನಗೊಂದು ಲಾಭವಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಅದು ಲಾಭವೇ. ಚಿಕ್ಕೋಡಿ ಅತ್ತಿ ರಾಯಬಾಗದ ಹುಡುಗಿಯ ಮಾತು ಬಿಟ್ಟರು. "ನಿಂತ ಹೋಗೇತಿ ಅಂದ್ರ ಮತ್ತ ನಿಲ್ಲತೈತಿ. ಬಂಜಿ ಅಲ್ಲ ಅಂತಾತಲ್ಲ" ಎಂದರು. ಸತ್ತ ಕೂಸು ನನಗೆ ಆ ಮನೆಯಲ್ಲಿ ಜಾಗ ಮಾಡಿಕೊಟ್ಟು ಹೋಗಿತ್ತು. ಅದಕ್ಕೊಂದು ಹೆಸರು ಕೂಡ ಇಟ್ಟಿದ್ದೆ, ಮನಸ್ಸಿನಲ್ಲೇ.

ಆಮೇಲೆ ನನ್ನ ಮೈ ಪೂರಾ ಹದಗೆಟ್ಟಿತು. ತಿಂಗಳುಗಟ್ಟಲೆ ಏನೂ ಇಲ್ಲ, ಬಂದರೆ ನಿಲ್ಲುವುದಿಲ್ಲ. ಮುಖ ಸುಣ್ಣ ಹಚ್ಚಿದ ಹಾಗಾಯಿತು. ಮೆಟ್ಟಿಲು ಹತ್ತಿದರೆ ಎದೆ ಡವಡವ. ನಮ್ಮವರು ಒಂದು ದಿನ, "ನಡಿ, ಮಿರಜಕ್ಕ ಹೋಗೂನು" ಎಂದು ಎಬ್ಬಿಸಿದರು. ನಮ್ಮ ಕಡೆಯವರಿಗೆ ದೊಡ್ಡ ಬೇನೆ ಬಂದರೆ ಮಿರಜವೇ. ಮನೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೊರಟಿದ್ದೇವೆಂದು ಹೇಳಿದರು. ಗಂಡಸರಿಗೆ ಅವಸರದಲ್ಲಿ ಹೊಳೆಯುವುದು ಇಂಥ ಸುಳ್ಳೇ. ನಾನು ಬಸ್ ಸ್ಟ್ಯಾಂಡಿನವರೆಗೂ ದವಡೆ ಹಿಡಿದುಕೊಂಡು ಹೋದೆ.

ದವಾಖಾನೆಯ ಬೆಂಚಿನ ತುಂಬ ಹೆಂಗಸರು, ಗೋಡೆಗುಂಟ ಗಂಡಸರು. ಒಬ್ಬಳು ಮೂತ್ರದ ಸೀಸೆಯನ್ನು ಸೆರಗಲ್ಲಿ ಮುಚ್ಚಿ ಹಿಡಿದಿದ್ದಳು. ಬಾಗಿಲಲ್ಲಿ ನಿಂತ ನರ್ಸಬಾಯಿ ಮರಾಠಿಯಲ್ಲಿ, ಮುಟ್ಟಿನ ತೊಂದರೆಯವರು ಯಾರು, ಏಳಿ, ಎಂದು ಸಂತೆಯಲ್ಲಿ ಕೂಗುವ ಹಾಗೆ ಕೂಗಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೋಡೆಗುಂಟ ನಿಂತ ಗಂಡಸರೆಲ್ಲ ನನ್ನನ್ನೇ ನೋಡುತ್ತಿದ್ದಾರೆಂದು ನಾನು ಏಳಲೇ ಇಲ್ಲ. ಪಕ್ಕದಲ್ಲಿ ನಿಪ್ಪಾಣಿಯ ಹೆಂಗಸೊಬ್ಬಳು ಕೂತಿದ್ದಳು, ಬೀಡಿ ಕಟ್ಟುವವಳು, ಬೆರಳಲ್ಲೆಲ್ಲ ತಂಬಾಕಿನ ವಾಸನೆ. ಅವಳು ನನ್ನ ಮೊಣಕೈ ಹಿಡಿದು, "ನಿಂದೂ ಅದ ಏನ? ಏಳ ಬೇ. ಇಬ್ಬರೂ ಕೂಡಿ ಎದ್ದರ ಯಾರದಂತ ತಿಳೀತೈತಿ ಅವರಿಗೆ?" ಎಂದಳು. ಇಬ್ಬರೂ ಕೂಡಿ ಎದ್ದೆವು. ಅವಳ ಹೆಸರು ಕೇಳುವುದು ನನಗೆ ಹೊಳೆಯಲಿಲ್ಲ.

ಡಾಕ್ಟರಬಾಯಿ ನಡುವಯಸ್ಸಿನವರು. ಅರ್ಧ ಮರಾಠಿ, ಅರ್ಧ ಕನ್ನಡ. ನಾನು ತಲೆ ಎತ್ತದಿದ್ದರೆ "ಲಾಜೂ ನಕೋ" ಎನ್ನುತ್ತಿದ್ದರು, ನಾಚಬೇಡ ಎಂದು. ಹೇಳುವುದೇನೋ ಸುಲಭ. ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ಸೋನೋಗ್ರಾಫಿ ಮಾಡಿಸಿದರು. ಒಳಗಿನಿಂದ ಚೂರು ತೆಗೆದು ತಪಾಸಣೆಗೆ ಕಳಿಸಿದರು. ಎರಡನೆಯ ಸಲ ಹೋದಾಗ ನಮ್ಮವರನ್ನೂ ಒಳಗೆ ಕರೆದು, ತಪಾಸಣೆಯ ಕಾಗದ ಬದಿಗಿಟ್ಟು, ಒಂದೇ ಪ್ರಶ್ನೆ ಕೇಳಿದರು: "ಮುಟ್ಟ ಯಾಕ ಬರತೈತಿ, ಗೊತ್ತೈತೇನ ನಿಮಗ?"

ನಮಗೆ ಏನು ಗೊತ್ತು? ಮೈಯ ಹೊಲಸು ಹೋಗುತ್ತದೆ ಎಂದು ಗೊತ್ತು. ಜಳಕವಾದ ಮೇಲಿನ ದಿನಗಳಲ್ಲಿ ಕೂಸು ನಿಲ್ಲುತ್ತದೆ ಎಂದು ಗೊತ್ತು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ನಮ್ಮವರು ವರ್ಷದಲ್ಲಿ ಬಹಳ ದಿನ ದ್ರಾಕ್ಷಿ ತೋಟದ ಗುಡಿಸಲಲ್ಲೇ ಮಲಗುವವರು. ನನ್ನ ಮುಟ್ಟಿನ ಜಳಕವಾದ ಮೇಲೆ ಅತ್ತೆ ಆಳಿನ ಕೈಯಲ್ಲಿ "ಬಾಬುಗ ಮನಿಗಿ ಬಾ ಅನ್ನು" ಎಂದು ಹೇಳಿ ಕಳಿಸುತ್ತಿದ್ದರು. ನಾಲ್ಕು ದಿನ ಮನೆಯಲ್ಲಿ ಮಲಗಿ ಮತ್ತೆ ತೋಟ. ಆಳು ಕೂಡ ನಗುತ್ತಿದ್ದ. "ನೆಲ ಹಸಿ ಇದ್ದಾಗನ ಬೀಜ ಹಿಡೀತೈತಿ" ಎಂಬುದು ಅತ್ತೆಯ ಲೆಕ್ಕ.

ಡಾಕ್ಟರಬಾಯಿ ಆ ಲೆಕ್ಕವನ್ನು ತಲೆಕೆಳಗು ಮಾಡಿದರು. ಹೆಂಗಸಿನ ಒಳಗೆ ತಿಂಗಳಿಗೊಂದು ತತ್ತಿ ಹಣ್ಣಾಗಿ ಹೊರಬೀಳುತ್ತದೆಯಂತೆ. ಕೂಸು ನಿಲ್ಲುವುದು ಅದು ಬಿದ್ದಾಗ. ಮುಟ್ಟಿನ ಬೆನ್ನಿಗಲ್ಲ, ಎರಡು ಮುಟ್ಟಿನ ನಡುವೆ. ಗರ್ಭದಲ್ಲಿ ಅದಕ್ಕೆಂದು ಹಾಸಿಗೆ ಹಾಸಿರುತ್ತದೆ. ಕೂಸು ನಿಲ್ಲದಿದ್ದರೆ ತತ್ತಿ ಬಿದ್ದ ಎರಡು ವಾರಕ್ಕೆ ಆ ಹಾಸಿಗೆ ಕಳಚಿ ಹೊರಬರುತ್ತದೆ, ಅದೇ ಮುಟ್ಟು. "ಮೊದಲ ತತ್ತಿ, ಆಮ್ಯಾಲ ಮುಟ್ಟ" ಎಂದರು. "ನಿನಗ ತತ್ತಿ ಹೊರಗ ಬರೂದ ಇಲ್ಲ. ಬರೇ ಹಾಸಿಗಿ ಮ್ಯಾಲ ಹಾಸಿಗಿ ಹಾಸಿಕೋತ ಹೋಗತೈತಿ. ತಡಕೊಳ್ಳಾಕ ಆಗದಾಗ ಕುಸಿತೈತಿ. ರಕ್ತ ಹೋಗತೈತಿ ಖರೆ, ಆದರ ಅದು ತತ್ತಿ ಬಂದು ಆದ ಮುಟ್ಟಲ್ಲ."

ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದ ಬಾಯಲ್ಲಿ ಬಂದರೆ ಬಾಯಿ ಮುಕ್ಕಳಿಸಬೇಕು. ಅದು ನನ್ನೊಳಗೇ ಇರುತ್ತದೆ, ಇರಲೇಬೇಕು, ನನ್ನಲ್ಲಿ ಇಲ್ಲದ್ದೇ ರೋಗ ಎಂದರೆ ನಗಬೇಕೋ ಅಳಬೇಕೋ. ನಮ್ಮವರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ನಾನು ಧೈರ್ಯ ಮಾಡಿ, "ಹಂಗಲ್ರಿ ಬಾಯಾರ, ನನಗ ಮೂರ ತಿಂಗಳ ನಿಂತಿತ್ತು" ಎಂದೆ. ಮೂತ್ರ ತಪಾಸಣೆ ಮಾಡಿಸಿದ್ದಿರಾ ಎಂದು ಕೇಳಿದರು. ಇಲ್ಲ. ಡಾಕ್ಟರು ನೋಡಿದ್ದರಾ? ಇಲ್ಲ. ಅವರು ಹೇಳಿದರು: "ಆಣಿ ಮಾಡಿ ಹೇಳಾಕ ಆಗೂದಿಲ್ಲ ತಂಗಿ. ಆದರ ನನಗ ಅನಸೂದು, ಅದೂ ಹಿಂಗ ಆಗಿದ್ದ. ಕೂಸು ಇರಲಿಲ್ಲ."

ಬಸ್ಸು ಮ್ಹೈಸಾಳ ದಾಟಿದ ಮೇಲೆ ನಮ್ಮವರು, "ಮನ್ಯಾಗ ಹೇಳೂದು ಬ್ಯಾಡ" ಎಂದರು. "ಗುಳಿಗಿ ತಗೋ. ಕೂಸಿನ ಮಾತ ಎತ್ತಬ್ಯಾಡ. ಚಿಕ್ಕೋಡಿ ಅತ್ತಿಗಿ ಗೊತ್ತಾತಂದ್ರ ಮತ್ತ ರಾಯಬಾಗದ ಹಾಡ ಹಾಡತಾಳ." ನಾನು ಹೂಂ ಎಂದೆ. ಇಲ್ಲದ ಕೂಸಿಗಾಗಿ ಇಡೀ ಮನೆಯನ್ನು ಬಸ್ತಿಯಿಂದ ಹೊರಗಿಟ್ಟೆನಲ್ಲ, ತುಪ್ಪ ತಿಂದೆನಲ್ಲ, ತಲೆಗೆ ಎಣ್ಣೆ ಹಚ್ಚಿಸಿಕೊಂಡೆನಲ್ಲ ಎಂದು ಮೈ ನಾಚಿಕೆಯಿಂದ ಹಿಡಿಯಷ್ಟಾಗಿತ್ತು. ಬಸಿರಿಳಿದವಳೆಂಬ ಮಾನವೂ ನನ್ನದಲ್ಲ. ಹಾಗಿದ್ದೂ ಆ ಕೂಸಿಗಾಗಿ ನನಗೆ ಅಳು ಬಂತು. ಇರಲಿಲ್ಲ ಎಂದರೆ ದುಃಖ ಕಡಿಮೆಯಾಗುತ್ತದೆಯೇ?

ತತ್ತಿ ಹೊರಬರಲೆಂದು ಕೊಟ್ಟ ಗುಳಿಗೆ ಶುರುವಾದವು. ಆದರೆ ಮುಚ್ಚಿಡುವುದು ಆಗಲಿಲ್ಲ. ಡಾಕ್ಟರಬಾಯಿ ಹೇಳಿದ್ದ ನಡುವಿನ ದಿನಗಳಲ್ಲಿ ನಮ್ಮವರು ತೋಟದಲ್ಲಿ, ನಾನು ಮನೆಯಲ್ಲಿ. ಹೇಳಿ ಕಳಿಸುವ ಅಧಿಕಾರ ಅತ್ತೆಯದು. ಅವರಾಗಿ ಬಂದರೆ ಯಾಕೆಂದು ಕೇಳುವರು, ನಾನಾಗಿ ಕರೆಸಿದರೆ ಹೆಂಗಸಿಗೆ ಏನು ಬಂತು ಕೇಡು ಎಂದಾರು. ಒಂದು ದಿನ ಬುತ್ತಿಯ ನೆವ ಮಾಡಿ ಮಟಮಟ ಮಧ್ಯಾಹ್ನ ನಾನೇ ತೋಟಕ್ಕೆ ಹೋದೆ. ಗುಡಿಸಲಲ್ಲಿ ಔಷಧಿ ಹೊಡೆಯುವ ಆಳುಗಳು ಸಾಲಾಗಿ ಕೂತು ಉಣ್ಣುತ್ತಿದ್ದರು. ಅವರಿಗೂ ಎರಡೆರಡು ರೊಟ್ಟಿ ಹಾಕಿ ವಾಪಸು ಬಂದೆ.

ಕೊನೆಗೆ ಅತ್ತೆಗೆ ಹೇಳಲೇಬೇಕಾಯಿತು. ಪಡಸಾಲೆಯಲ್ಲಿ ಇಬ್ಬರೇ ಕೂತು ಮನೂಕದ, ಅಂದರೆ ಒಣದ್ರಾಕ್ಷಿಯ, ಕಡ್ಡಿ ಬಿಡಿಸುತ್ತಿದ್ದೆವು. ಅವರು ಬೆಲ್ಲವಿಲ್ಲದ ಕಪ್ಪು ಚಹಾ ಕುಡಿಯುತ್ತಿದ್ದರು, ನನಗೆ ತಡೆಯಲಾಗಲಿಲ್ಲ. ತತ್ತಿ ಎನ್ನಲು ನಾಲಿಗೆ ಏಳಲಿಲ್ಲ, ಬೀಜ ಎಂದೆ. ಬೀಜ ನಡುವೆ ಬೀಳುತ್ತದೆ, ಮುಟ್ಟು ಆಮೇಲೆ ಬರುತ್ತದೆ, ನನಗೆ ಬೀಜ ಬೀಳುವುದೇ ಇಲ್ಲ ಎಂದು ಮನೂಕದ ಕಡೆ ನೋಡುತ್ತಲೇ ಎಲ್ಲ ಹೇಳಿದೆ. ಹೇಳಬೇಡವೆಂದು ಗಂಡ ಹೇಳಿದ್ದನ್ನೂ ಹೇಳಿಬಿಟ್ಟೆ: "ಆಯಿ, ಅವತ್ತು ಹೋತಲ್ರಿ... ಅದು ಕೂಸ ಇರಲಿಲ್ಲಂತರಿ. ನೀವು ಸುಳ್ಳ ಸೂತಕಾ ಹಿಡದ್ರಿ. ನನ್ನ ಸಲುವಾಗಿ ಬೆಲ್ಲಾ ಬಿಟ್ರಿ."

ಅತ್ತೆಯ ಕೈ ನಿಂತಿತು. ನಾನು ಬೈಗಳಿಗೆ ಕಾದೆ. ತವರಿಗೆ ನಡಿ ಎಂದರೆ ಯಾವ ಸೀರೆ ಉಟ್ಟುಕೊಳ್ಳಲಿ ಎಂದು ಕೂಡ ಯೋಚಿಸಿದೆ. ಅವರು ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ ಕೇಳಿದರು: "ಬಾಬುಗಿಂತ ಮುಂಚೆ ನಂದೂ ಎರಡ ಹೋಗ್ಯಾವು. ಒಂದು ಮೂರರಾಗ, ಒಂದು ನಾಕರಾಗ. ನನಗೂ ತಿಂಗಳಾ ಸರಿ ಬರತಿರಲಿಲ್ಲ ಪದ್ಮಾ. ಅವೂ... ಇರಲಿಲ್ಲೇನು?"

ಮೂವತ್ತು ವರ್ಷ ಒಬ್ಬರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ನನ್ನ ನಾಚಿಕೆಯೊಂದೇ ದೊಡ್ಡದೆಂದು ಕೂತಿದ್ದೆ, ಅವರದು ಪಕ್ಕದಲ್ಲೇ ಕೂತು ಮನೂಕ ಬಿಡಿಸುತ್ತಿತ್ತು. ಅವತ್ತಿನಿಂದ ನಡುವಿನ ದಿನಗಳಲ್ಲೇ ತೋಟಕ್ಕೆ ಹೇಳಿ ಹೋಗತೊಡಗಿತು. ಯಾಕೆಂದು ಅವರು ಯಾರಿಗೂ ಹೇಳಲಿಲ್ಲ. ಗಂಡ ಹೆಂಡತಿ ದೂರವಿರಬೇಕಾದ ವ್ರತದ ದಿನ, ಅಷ್ಟಮಿ, ಚತುರ್ದಶಿ ಬಂದರೆ ಮಾತ್ರ ಮುಖ ಗಂಟಿಕ್ಕಿ, "ನಾಳೆ ಆಗೂದಿಲ್ಲೇನ?" ಎಂದು ನನ್ನನ್ನೇ ಕೇಳುತ್ತಿದ್ದರು. ಬೀಜಕ್ಕೆ ಪಂಚಾಂಗ ಗೊತ್ತಿಲ್ಲ ಎಂದು ಅವರಿಗೆ ಹೇಗೆ ಹೇಳುವುದು!

ಮಗಳು ಹುಟ್ಟಿದ್ದು ಅದಾಗಿ ಎರಡು ವರ್ಷದ ಮೇಲೆ, ಗುಳಿಗೆ ಬಿಟ್ಟು ಹಿಡಿದು, ನಡುವೆ ಎಷ್ಟೋ ಸಲ ಆಸೆ ಬಿಟ್ಟು. ಆಮೇಲೂ ನನ್ನ ಮುಟ್ಟು ಸರಿಹೋಗಲಿಲ್ಲ. ಅದರ ಜೊತೆಗೇ ಬಾಳಿದೆ. ಆದರೆ ನನ್ನನ್ನು ಉಳಿಸಿದ್ದು ಅದಕ್ಕಿಂತ ಮುಂಚಿನ ಒಂದು ದಿನ.

ಮಿರಜದ ಮುಂದಿನ ತಪಾಸಣೆಗೆ ಅತ್ತೆ ತಾವೇ ಹೊರಟು ನಿಂತರು. ನನ್ನದೆಲ್ಲ ಮುಗಿದ ಮೇಲೆ ಡಾಕ್ಟರಬಾಯಿಯ ಮುಂದೆ ತಲೆ ತಗ್ಗಿಸಿ ತಮ್ಮ ಎರಡರ ಬಗ್ಗೆ ಕೇಳಿದರು. ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. "ಇದ್ದವೋ ಇಲ್ಲೋ ಈಗ ಯಾರಿಗೂ ಹೇಳಾಕ ಬರೂದಿಲ್ಲ ಆಯಿ" ಎಂದರು. ಅತ್ತೆ ಹೌದ್ರಿ ಎಂದು ಎದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತರು. ಅವರೊಳಗೆ ಏನು ನಡೆದಿತ್ತೋ. ಹೇಳಬಾರದಿತ್ತು ಎಂದು ನಾನು ನನ್ನನ್ನೇ ಶಪಿಸಿಕೊಂಡೆ.

ಮನೆಗೆ ಬಂದರೆ ಕಟ್ಟೆಯ ಮೇಲೆ ಚಿಕ್ಕೋಡಿ ಅತ್ತಿ! ಹಲ್ಲಿನ ಡಾಕ್ಟರ ಕಥೆ ಅವರ ಮುಂದೆ ನಡೆಯುವಂಥದ್ದಲ್ಲ, ನಾವು ಮಿರಜದ ಹೆಂಗಸರ ಡಾಕ್ಟರ ಹತ್ತಿರ ಹೋದದ್ದನ್ನು ಮೈದುನರಿಂದ ಬಿಡಿಸಿಕೊಂಡು ಕೂತಿದ್ದರು. ನಾವಿನ್ನೂ ಕಾಲು ತೊಳೆದಿರಲಿಲ್ಲ. "ಏನಂದಳು ಡಾಕ್ಟರಬಾಯಿ?" ಎಂದು ಕೇಳಿದರು. "ಖರೇ ಹೇಳ ರತ್ನಾ, ನೀ ಸುಳ್ಳ ಹೇಳಾಕಿ ಅಲ್ಲ. ಇಕಿಗಿ ಅವತ್ತ ನಿಂತಿತ್ತೋ ಇಲ್ಲೋ? ಮಂದಿ ಏನೇನರೆ ಅಂತಾರ. ರಾಯಬಾಗದವರು ಇನ್ನೂ ಹಾದಿ ನೋಡಾಕತ್ತಾರ." ನಾನು ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತ ನಿಂತೆ.

ಅತ್ತೆ ತಂಬಿಗೆಯಿಂದ ಕಾಲ ಮೇಲೆ ನೀರು ಹಾಕಿಕೊಂಡರು. ಬಸ್ತಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಚಿಕ್ಕೋಡಿ ಅತ್ತಿಯ ಕಡೆ ತಿರುಗಿ, ದನಿ ಏರಿಸದೆ ಹೇಳಿದರು:

"ನಿಂತಿತ್ತರಿ ಅಕ್ಕಾರ. ನಮ್ಮ ಮನ್ಯಾಗ ಒಟ್ಟ ಮೂರ ಕೂಸ ಹೋಗ್ಯಾವು. ನನ್ನವು ಎರಡು, ಇಕಿದು ಒಂದು."